ಅಪ್ಪನ ಕಡೆಯ ತಗ್ಗು

ಅಪ್ಪನ ಹಳೆಯ ಲಾರಿಯ ಸೀಟನ್ನು ಅಣ್ಣ ಬಿಚ್ಚಿ ಅಂಗಳಕ್ಕೆ ಇಳಿಸಿದಾಗ, ಹರಿದ ರೆಕ್ಸಿನ್ನಿನೊಳಗಿಂದ ತೆಂಗಿನ ನಾರು, ಡೀಸೆಲ್, ಹತ್ತಿಕಾಳು ಎಲ್ಲ ಬೆರೆತ ವಾಸನೆ ಬಂತು. ನಿಮಗೂ ಇಂಥದೊಂದು ವಾಸನೆ ಇದ್ದೀತು. ಮೂಗಿಗೆ ಬಡಿದರೆ ಸಾಕು, ಈಗ ಇಲ್ಲದ ಮನೆಯ ಹೊಸ್ತಿಲಲ್ಲಿ ನಿಂತಿರುತ್ತೀರಿ.

ಈ ಲಾರಿಯಲ್ಲಿ ಅಪ್ಪ ಶಿರಗುಪ್ಪಿಯಿಂದ ಹುಬ್ಬಳ್ಳಿಗೆ ಹತ್ತಿ ಸಾಗಿಸುತ್ತಿದ್ದ. ಆಳು ಭಾರಿ. ಅವನು ಕೂತು ಕೂತು ಸ್ಟೇರಿಂಗಿನ ಕಡೆಯ ಸೀಟು ತಗ್ಗು ಬಿದ್ದಿತ್ತು. ಶಾಲೆಗೆ ರಜೆ ಇದ್ದಾಗ ನಾವೂ ಹೋಗುತ್ತಿದ್ದೆವು: ಅಣ್ಣ ಹಿಂದೆ ಹತ್ತಿ ತುಂಬಿದ ಅಂಡಿಗೆಗಳ ಮೇಲೆ, ಅವ್ವ ಕಿಟಕಿಯ ಕಡೆ, ನಾನು ನಡುವೆ. ಲಾರಿ ಹೊರಟ ಸ್ವಲ್ಪ ಹೊತ್ತಿಗೇ ಜಾರಿ ಜಾರಿ ಅಪ್ಪನ ತೊಡೆಗೆ ಅಂಟಿಕೊಂಡಿರುತ್ತಿದ್ದೆ. ಅವ್ವನಿಗೆ ಆ ತಗ್ಗು ಕಂಡರೆ ಆಗುತ್ತಿರಲಿಲ್ಲ. ಪ್ರತಿ ದಸರೆಯ ಖಂಡೆಪೂಜೆಗೆ ಲಾರಿ ತೊಳೆದ ಮೇಲೆ ಅದಕ್ಕೆ ಹೊಸ ಹತ್ತಿ ತುರುಕಿ, ತನ್ನ ಹಳೆಯ ಸೀರೆಗಳಿಂದ ಹೊಲಿದ ಕೌದಿ ಹಾಸುತ್ತಿದ್ದಳು. ಹತ್ತಿಯ ಮನೆ ನಮ್ಮದು, ಎಲ್ಲ ರೋಗಕ್ಕೂ ಹತ್ತಿಯೇ ಮದ್ದು. ಊರವರಿಗೆಲ್ಲ ಬನ್ನಿ ಕೊಟ್ಟು ಮುಗಿಯುವಷ್ಟರಲ್ಲಿ ಅಪ್ಪ ಅದನ್ನು ಚಪ್ಪಟೆ ಮಾಡಿರುತ್ತಿದ್ದ.

“ನೀವೇನ ಕುಂಡ್ರತೀರೋ, ಸೀಟಿನ ಕೂಡ ಕುಸ್ತಿ ಹಿಡೀತೀರೋ?” ಎಂದು ಅವ್ವ ರೇಗಿದರೆ ಅಪ್ಪ ನನ್ನ ಕಡೆ ನೋಡಿ ನಗುತ್ತಿದ್ದ. ನಾನಂತೂ ಆ ಹೊಸ ಹತ್ತಿ ಬೇಗ ಕುಸಿಯಲಿ ಎಂದೇ ಕಾಯುತ್ತಿದ್ದೆ.

ಈಗ ಅಪ್ಪ ಅವ್ವ ಇಬ್ಬರೂ ಇಲ್ಲ. ಲಾರಿಯನ್ನು ಮೊದಲಿನಂತೆ ಮಾಡಬೇಕೆಂಬ ಹಟ ಅಣ್ಣನದು. ನನಗಿದ್ದದ್ದು ಒಂದೇ ಆಸೆ, ಇನ್ನೊಮ್ಮೆ ಹಾಗೆ ಜಾರಬೇಕು. ಅಣ್ಣ ಹೊಲಿಸಿ ತಂದ ಹೊಸ ಸೀಟನ್ನು ನಾವಿಬ್ಬರೂ ಎತ್ತಿ ಒಳಗಿಟ್ಟೆವು. ಬೋಲ್ಟಿನ ತೂತುಗಳು ಕೂಡಲಿಲ್ಲ. ಅಣ್ಣ ಹೊಸದಾಗಿ ಕೊರೆದು ಬಿಗಿದ. ಸೀಟು ಹಲಗೆಯ ಹಾಗೆ ಸಮವಾಗಿತ್ತು. ಸ್ಟೇರಿಂಗಿನ ಕಡೆ ಅಂಗೈಯಿಂದ ಒತ್ತಿ ನೋಡಿದೆ.

“ಅಣ್ಣಾ, ಅಪ್ಪನ ಕಡೆ ಒಂಚೂರು ತಗ್ಗು ಇಡಸಬೇಕಿತ್ತು.”

“ತಗ್ಗ ಇಟ್ಟ ಸೀಟು ಯಾರರ ಹೊಲಿಸ್ತಾರೇನವಾ? ನೋಡಿದವ್ರು ನಗತಾರ,” ಎಂದ ಅಣ್ಣ. ಅಂಡಿಗೆಗಳ ಮೇಲೆ ಕೂತು ಬಂದವನು, ಅವನಿಗೇನು ಗೊತ್ತು.

ಅವ್ವನ ಕೌದಿ ಹಾಸಿದೆ. ಅಣ್ಣನ ಮನೆಯ ಹತ್ತಿರದ ಕೆಲಗೇರಿ ಕೆರೆಯವರೆಗೆ ಹೋಗಿ ಬರೋಣವೆಂದು ಅಣ್ಣ ಲಾರಿ ಹೊರಡಿಸಿದ. ನಾನು ನಡುವೆ ಕೂತೆ. ತಿರುವು ಬಂತು, ರಸ್ತೆಯ ಉಬ್ಬು ಬಂತು, ನಾನು ಜಾರಲಿಲ್ಲ. ಕೆರೆ ಕಾಣಿಸುವ ಹೊತ್ತಿಗೆ ಅಣ್ಣ ಪಕ್ಕಕ್ಕೆ ನೋಡಿ, “ಯಾಕವಾ, ಅಷ್ಟ ದೂರ ಕುಂತಿ?” ಎಂದ.

ನಾನು ದೂರವೇನೂ ಕೂತಿರಲಿಲ್ಲ. ಚಿಕ್ಕವಳಿದ್ದಾಗ ಲಾರಿ ಏರಿದೊಡನೆ ಕೂರುತ್ತಿದ್ದ ಜಾಗದಲ್ಲೇ ಇದ್ದೆ.