ವ್ಯಾನಿನ ಹೊಸ್ತಿಲು

ರೈಲ್ವೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ, ನಮಗೆ ಪರಿಚಯದ ಗದಗ ಕಡೆಯ ಅಕ್ಕ ಒಬ್ಬರು ನಿವೃತ್ತರಾದ ಮೇಲೆ ಮನೆ ಹಿಡಿಯಲಿಲ್ಲ. ಹಳೆಯ ವ್ಯಾನೊಂದರಲ್ಲಿ ಹಾಸಿಗೆ, ಒಲೆ, ದೇವರ ಪಟ ಇಟ್ಟುಕೊಂಡು ಊರೂರು ಸುತ್ತಿದರು. ನಾಗಪುರಕ್ಕೆ ಬಂದಾಗ ಸಿವಿಲ್ ಲೈನ್ಸ್‌ನ ನಮ್ಮ ಕ್ವಾರ್ಟರ್ಸ್ ಎದುರಿನ ಬೇವಿನ ಮರದ ಕೆಳಗೆ ಅದನ್ನು ನಿಲ್ಲಿಸಿ, ರಾತ್ರಿ ಅದರಲ್ಲೇ ಮಲಗುತ್ತಿದ್ದರು. ನಮ್ಮಲ್ಲಿಗೆ ಕರೆದರೆ, “ನಾ ನಿಮ್ಮ ಮನ್ಯಾಗ ಮಲಗಿದ್ರ ನನ್ನ ಮನಿ ಖಾಲಿ ಬೀಳತೈತಲ್ಲ? ನೀವ ಬರ್ರಿ, ಒಳಗ ಬರ್ರಿ,” ಎನ್ನುತ್ತಿದ್ದರು. ದೊಡ್ಡ ವಾಡೆಯ ಬಾಗಿಲಲ್ಲಿ ನಿಂತವರ ಗತ್ತು ಅದು. ಒಳಗೆ ಮೂವರು ಕೂತರೆ ಮೊಣಕಾಲು ತಾಗುತ್ತಿತ್ತು.

ಬೆಳಗ್ಗೆ ಎದ್ದವರೇ ವ್ಯಾನಿನ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚಿ, ಕೆಳಗೆ ಡಾಂಬರಿನ ಮೇಲೆ ನೀರು ಚಿಮುಕಿಸಿ ರಂಗೋಲಿ ಹಾಕುತ್ತಿದ್ದರು. ಒಂದು ದಿನ ಹಾಗೆ ಹಾಕಿ ಮುಗಿಸುವಾಗ ಪೊಲೀಸಿನವನೊಬ್ಬ ಲಾಠಿಯಿಂದ ವ್ಯಾನನ್ನು ಬಡಿದ.

“ಗಾಡಿ ಹಟಾವೋ! ಯಹಾಂ ಸೋನಾ ಮನಾ ಹೈ!”

ಇಲ್ಲಿ ಮಲಗುವಂತಿಲ್ಲ, ಗಾಡಿ ತೆಗೆಯಬೇಕು ಎಂದು ಅವನು ಕೂಗಿದ್ದು ಕೇಳಿ ನಾನು ಗಾಬರಿಯಿಂದ ಗೇಟು ದಾಟಿ ಓಡಿದೆ. ಅಕ್ಕ ಕೈಯ ಪುಡಿ ಝಾಡಿಸಿ, ನಮಗೆ ಹೇಳುವ ಮಾತನ್ನೇ ಅವನಿಗೆ ಮರಾಠಿಯಲ್ಲಿ ಹೇಳಿದರು: “ಯಾ, ಆತ್ ಯಾ. ಚಹಾ ಘ್ಯಾ.”

ಅವನು ಒಂದು ಹೆಜ್ಜೆ ಮುಂದಿಟ್ಟು, ಮೆಟ್ಟಿಲ ಕುಂಕುಮ ನೋಡಿ ತಡೆದ. ಲಾಠಿಯನ್ನು ಮರಕ್ಕೆ ಒರಗಿಸಿ, ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದ. ಬರಿಗಾಲಲ್ಲಿ ಒಳಗೆ ಹೋಗಿ ಚಹಾ ಕುಡಿದು ಬಂದವನು ಗಾಡಿಯ ಮಾತೇ ಎತ್ತಲಿಲ್ಲ.

ಅಕ್ಕ ಮಧ್ಯಾಹ್ನ ತಾವಾಗಿಯೇ ಹೊರಟರು. ಆಮೇಲೆ ಆಟೋದವನೊಬ್ಬ ನೆರಳು ಹುಡುಕಿಕೊಂಡು ಮರದ ಕೆಳಗೆ ಬಂದ. ಅಲ್ಲಿ ರಂಗೋಲಿ ಒಂದೇ ಉಳಿದಿತ್ತು. ಅದನ್ನು ನೋಡಿದವನು ಆಟೋ ಹಿಂದಕ್ಕೆ ತೆಗೆದು, ನಾಗಪುರದ ಆ ಬಿಸಿಲಲ್ಲೇ ನಿಲ್ಲಿಸಿಕೊಂಡ.