ಡಾಕ್ಟರು ತಟ್ಟಿ ನೋಡಿದ ಮನೆ

ಡಾಕ್ಟರ ಎಡಗೈಯ ನಡುಬೆರಳು ತುದಿಯಲ್ಲಿ ಚಪ್ಪಟೆಯಾಗಿತ್ತು. ಅದನ್ನು ಗೋಡೆಗೆ ಒತ್ತಿಟ್ಟು, ಬಲಗೈಯ ಬೆರಳಿನಿಂದ ಅದರ ಮೇಲೆ ಟಕ್ ಟಕ್ ಎಂದು ತಟ್ಟಿ, ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದರು. ರೋಗಿಗಳ ಬೆನ್ನು ತಟ್ಟಿ ತಟ್ಟಿಯೇ ಬೆರಳು ಹಾಗಾಯಿತು ಎಂದು ಅವರೇ ಹೇಳಿದ್ದು. ತಟ್ಟಿದರೆ ಬೆರಳು ಚಪ್ಪಟೆಯಾಗುತ್ತದೆಯೇ? ನನಗೆ ಆಗಲೂ ಅನುಮಾನವಿತ್ತು, ಈಗಲೂ ಇದೆ. ಯಾವುದೋ ಬಾಗಿಲಿಗೆ ಸಿಕ್ಕಿ ಜಜ್ಜಿರಬೇಕು. ಎಡಗೈಯೇ ಆಗಿತ್ತೇ ಎಂದು ಕೇಳಿದರೆ ಅದನ್ನೂ ಆಣೆ ಮಾಡಿ ಹೇಳಲಾರೆ.

ಮ್ಯಾನ್‌ಹೈಮಿನಿಂದ ಸ್ವಲ್ಪ ದೂರದಲ್ಲಿ, ರೈನ್ ನದಿಯ ಹಳೆಯ ಕವಲಿನ ದಡದಲ್ಲಿ ಒಂದು ಕ್ಯಾಂಪಿಂಗ್ ಜಾಗವಿದೆ. ಅಲ್ಲಿ ನಾನೂ ನನ್ನ ಹೆಂಡತಿಯೂ ಒಂದು ಹಳೆಯ ಮೊಬಿಲ್‌ಹೈಮ್ ಕೊಂಡಿದ್ದೆವು. ಕೆಳಗೆ ಚಕ್ರಗಳಿದ್ದರೂ ಎಲ್ಲಿಗೂ ಹೋಗದ, ಎರಡು ಕೋಣೆಯ ತಗಡಿನ ಮನೆ. ರಜೆಯ ದಿನಗಳಲ್ಲಿ ನಾವೇ ರಿಪೇರಿ ಮಾಡಿ, ಚಳಿ ಬೀಳುವ ಮೊದಲು ಮಾರಿಬಿಡುವುದು ನಮ್ಮ ಉಪಾಯ. ಡಾರ್ಮ್‌ಸ್ಟಾಟಿನ ವಿಶ್ವವಿದ್ಯಾಲಯದಲ್ಲಿ ನನ್ನ ಸಂಶೋಧನೆಯ ಕರಾರು ವರ್ಷದ ಕೊನೆಗೆ ಮುಗಿಯುವುದಿತ್ತು. ಅವಳ ಓದು ಇನ್ನೂ ಅರ್ಧದಲ್ಲಿತ್ತು. ಕೂಡಿಟ್ಟಿದ್ದೆಲ್ಲ ಆ ತಗಡಿನೊಳಗೆ ಹೋಗಿತ್ತು. ಅದು ಮಾರಾಟವಾಗದಿದ್ದರೆ ಅವಳು ಓದು ಬಿಡಬೇಕಾಗಿತ್ತು.

ಪಕ್ಕದ ಜಾಗ ಡಾಕ್ಟರದು. ಧಾರವಾಡದವರು. ಮ್ಯಾನ್‌ಹೈಮಿನಲ್ಲಿ ಎದೆರೋಗದ ವೈದ್ಯರಾಗಿ ನಿವೃತ್ತರಾದ ಮೇಲೆ, ಹೆಂಡತಿಯೂ ತೀರಿಕೊಂಡ ಮೇಲೆ, ಚಳಿಗಾಲ ಬಿಟ್ಟು ಉಳಿದ ಕಾಲವೆಲ್ಲ ಅಲ್ಲೇ ಇರುತ್ತಿದ್ದರು. ಮಧ್ಯಾಹ್ನದ ಹೊತ್ತು ಅಲ್ಲಿ ಯಾರೂ ಸದ್ದು ಮಾಡುವಂತಿಲ್ಲ, ಡ್ರಿಲ್ ಮಾಡುವಂತಿಲ್ಲ. ನಮ್ಮ ಡ್ರಿಲ್ ನಿಂತ ಮರುಗಳಿಗೆಯೇ ಬೇಲಿಯ ಆಚೆಯಿಂದ ದನಿ ಬರುತ್ತಿತ್ತು:

"ಏನ್ರಿ ಸಾಹೇಬ್ರ, ನಿಮ್ಮ ಪೇಷಂಟ್ ಹೆಂಗಿದ್ದಾನ್ರಿ?"

ಒಳಗೆ ಬಂದು ಪ್ರತಿ ಗೋಡೆಯನ್ನೂ ತಟ್ಟುವರು. ನಾನು ಹಾಕಿದ ಹಲಗೆ ನೋಡಿ, "ಪಿಎಚ್‌ಡಿ ಮಾಡಿದವರು ಮೊಳಿ ಹೊಡದ್ರ ಹಿಂಗ ಡೊಂಕ ಆಗ್ತದೇನ್ರಿ?" ಎಂದು ಕೇಳುವರು. ನನ್ನ ಹೆಂಡತಿ ನಕ್ಕರೆ ಅವರಿಗೆ ಇನ್ನೂ ಹುರುಪು. "ನಗಬ್ಯಾಡ ತಂಗಿ, ನೀ ಬಳಿದ ಬಣ್ಣ ಇನ್ನೂ ಡೊಂಕ ಅದ." ಅವರದೊಂದು ಮಾತಿತ್ತು: "ಮನೀಗೂ ಮನಷ್ಯಾಗೂ ಜಡ್ಡು ಇರೂದ. ಹೇಳಿ ಮಾರಬೇಕು, ಮುಚ್ಚಿ ಮಾರಬಾರದು."

ಅವರು ಇಷ್ಟೊಂದು ಯಾಕೆ ಬರುತ್ತಾರೆ ಎಂಬುದು ನನ್ನ ಪ್ರಶ್ನೆ. ಒಂಟಿತನ, ಕನ್ನಡ ಮಾತಾಡುವ ಆಸೆ ಎಂದು ಹೆಂಡತಿ ಹೇಳುತ್ತಿದ್ದಳು. ನಾನು ನಂಬಲಿಲ್ಲ. ಆ ಕ್ಯಾಂಪಿಂಗ್ ಜಾಗದ ಉಸ್ತುವಾರಿಯವನು ಒಂದು ದಿನ ನನ್ನ ಮುಂದೆ ಬಾಯಿಬಿಟ್ಟಿದ್ದ: ನಮ್ಮ ಮನೆಯನ್ನು ನಮಗಿಂತ ಮೊದಲು ಕೇಳಿದ್ದವರು ಡಾಕ್ಟರೇ, ಹಳೆಯ ಮಾಲೀಕ ಕೊಟ್ಟಿರಲಿಲ್ಲ. ಅಂದಿನಿಂದ ಅವರು ಗೋಡೆ ತಟ್ಟಿದಾಗೆಲ್ಲ ಅದರ ಬೆಲೆ ಇಳಿಸಲು ತಟ್ಟುತ್ತಿದ್ದಾರೆ ಎನಿಸುತ್ತಿತ್ತು.

ಕೆಲಸ ಮುಗಿಯಿತು. ಮೊದಲ ಗಿರಾಕಿಗಳಾಗಿ ನಡುವಯಸ್ಸಿನ ಗಂಡ ಹೆಂಡತಿ ಬಂದರು. ಆಕೆ ಕಿಟಕಿಗೆ ಪರದೆ ಎಲ್ಲಿ ಹಾಕುವುದೆಂದು ಆಗಲೇ ಯೋಚಿಸುತ್ತಿದ್ದಳು. ಕರೆಯದೆಯೇ ಡಾಕ್ಟರು ಒಳಗೆ ಬಂದರು. ಈ ಸಲ ಗೋಡೆಯ ತಂಟೆಗೆ ಹೋಗಲಿಲ್ಲ. ಅಡುಗೆಮನೆಯ ಹೊಸ ನೆಲಹಾಸಿನ ಮೇಲೆ ಹಿಮ್ಮಡಿಯೂರಿ ಅದುಮಿದರು. ನೆಲ ಮೆತ್ತಗೆ ತಗ್ಗಿತು. "ಫೊಯ್ಶ್ಟ್," ಎಂದರು ಜರ್ಮನ್ನಿನಲ್ಲಿ. ತೇವ. ಆಕೆ ಗಂಡನ ಮುಖ ನೋಡಿದಳು. ಯೋಚಿಸಿ ಹೇಳುತ್ತೇವೆ ಎಂದು ಹೊರಟೇಬಿಟ್ಟರು. ಆ ಗಂಡಸು ಬೇಲಿಯ ಬಳಿ ಡಾಕ್ಟರ ಜೊತೆ ಮಾತಾಡಿ, ತನ್ನ ನಂಬರನ್ನು ಅವರ ಫೋನಿಗೆ ಒತ್ತಿ ಕೊಡುವುದನ್ನೂ ಕಂಡೆ. ಅಲ್ಲಿಗೆ ನನ್ನ ಅನುಮಾನ ಖಚಿತವಾಯಿತು.

"ನಿಮ್ಮ ಸೂರಿನ ಮಳೆನೀರಿನ ಪೈಪು ನಮ್ಮ ಕಡೆಗೇ ತಿರುಗಿದೆ ಡಾಕ್ಟ್ರೇ," ಎಂದೆ. "ನೀರು ಬಿಡೋರೂ ನೀವೇ, ತೇವ ಅನ್ನೋರೂ ನೀವೇ."

ಅವರು ಸಿಟ್ಟಾಗಲಿಲ್ಲ. ನಮ್ಮ ಬಾಗಿಲ ಹಿಂದಿನ ಬಕೆಟ್ಟನ್ನೂ ಊರಿಂದ ತಂದಿದ್ದ ತೆಂಗಿನಕಡ್ಡಿ ಪೊರಕೆಯನ್ನೂ ತೋರಿಸಿದರು.

"ಇದೇನ್ರಿ? ಕೆಲಸ ಮುಗಿದ ಮ್ಯಾಲೆ ದಿನಾ ನೀರು ಸುರದು ನೆಲ ತೊಳಿತೀರಿ. ನಾ ಬೇಲಿಯಿಂದ ನೋಡೇನಿ. ಕೆಳಗ ಕಡಪಾ ಕಲ್ಲು ಇಲ್ರೀ ಮಹಾರಾಯ್ರ, ಕಟ್ಟಿಗಿ ಹೊಟ್ಟು ಒತ್ತಿ ಮಾಡಿದ ಹಲಗಿ! ಈ ದೇಶದಾಗ ನೆಲ ಒರಸ್ತಾರ, ತೊಳಿಯಂಗಿಲ್ಲ. ನಾನೂ ಬಂದ ಹೊಸದಾಗ ತೊಳದು, ಕೆಳಗಿನ ಮನೀಯವರ ಕಡೆ ಬೈಸಿಕೊಂಡೇನಿ."

ನೆಲಹಾಸು ಕಿತ್ತು ನೋಡಿದೆವು. ಹಲಗೆ ನೆನೆದ ರಸ್ಕಿನಂತೆ ಕೈಗೆ ಬಂತು. ಬಕೆಟ್ ಹಿಡಿದವಳು ಹೆಂಡತಿ ಎಂದು ನನ್ನ ನೆನಪು. "ನೀನೇ ಕಣೋ," ಎನ್ನುತ್ತಾಳೆ ಅವಳು. "ಧೂಳಿದ್ರೆ ಮೈಯೆಲ್ಲ ಕೆರೀತದೆ ಅಂತ ಕುಣೀತಿದ್ದೆ." ಈ ವಿಷಯ ನಮ್ಮಲ್ಲಿ ಇವತ್ತಿಗೂ ತೀರ್ಮಾನವಾಗಿಲ್ಲ.

ಇಡೀ ನೆಲ ಕಿತ್ತು ಹೊಸದಾಗಿ ಹಾಕಿದೆವು. ಡಾಕ್ಟರು ಮಡಚುವ ಕುರ್ಚಿ ತಂದು ಬಾಗಿಲಲ್ಲಿ ಕೂತು, ಕೈ ಹಚ್ಚದೆ, ಬರೀ ಬಾಯಿ ಹಚ್ಚಿದರು. ಅಷ್ಟರಲ್ಲಿ ಮರಗಳ ಎಲೆ ಉದುರತೊಡಗಿತ್ತು. ಜಾಹೀರಾತಿಗೆ ಯಾರ ಫೋನೂ ಬರಲಿಲ್ಲ. ಹೆಂಡತಿ ಮುಂದಿನ ಸೆಮಿಸ್ಟರಿನ ಮಾತನ್ನೇ ಎತ್ತುತ್ತಿರಲಿಲ್ಲ. ನಾವು ಸೋತು ನಾವಾಗಿಯೇ ಬಂದು ಕೊಡಲೆಂದು ಡಾಕ್ಟರು ಕಾಯುತ್ತಿದ್ದಾರೆ ಎಂದು ನಾನು ಲೆಕ್ಕ ಹಾಕಿದ್ದೆ.

ಒಂದು ಶನಿವಾರ ಅದೇ ಗಂಡ ಹೆಂಡತಿ ಮತ್ತೆ ಬಂದರು. ಆತ ನೆಲದ ಮೇಲೆ ಹಿಮ್ಮಡಿಯೂರಿ ನೋಡಿದ. ನೆಲ ಗಟ್ಟಿ. "ಪಕ್ಕದ ಡಾಕ್ಟರು ಫೋನು ಮಾಡಿದ್ದರು," ಎಂದ. "ನೆಲ ಪೂರ್ತಿ ಬದಲಾಯಿಸಿದ್ದನ್ನು ಕೂತು ನೋಡಿದ್ದೇನೆ, ಈ ಜನರನ್ನು ನಂಬಬಹುದು ಎಂದರು." ಅಂದೇ ಮಾರಾಟದ ಮಾತು ಮುಗಿಯಿತು. ನಾನು ಬೇಲಿಯ ಬಳಿ ಹೋಗಿ ಏನೋ ಹೇಳಹೊರಟೆ. "ಹೋಗ್ರಿ ಹೋಗ್ರಿ," ಎಂದು ಕೈ ಬೀಸಿದರು. "ಮೊದಲ ಆಕೀ ಫೀ ಕಟ್ರಿ."

ಆ ಚಳಿಗಾಲದಲ್ಲೇ ಡಾಕ್ಟರು ತೀರಿಕೊಂಡರು. ಮ್ಯಾನ್‌ಹೈಮಿನಲ್ಲಿ ಅಂತ್ಯಕ್ರಿಯೆಗೆ ಹೋದಾಗ ಅವರ ಮಗಳನ್ನು ಮೊದಲ ಸಲ ನೋಡಿದೆ. ಹ್ಯಾಂಬರ್ಗಿನಲ್ಲಿರುವವಳು, ಕನ್ನಡ ಬಾರದು. ಜರ್ಮನ್ನಿನಲ್ಲೇ ಕೇಳಿದಳು: "ಬೇಸಿಗೆಯಲ್ಲಿ ನಾನು ಪಕ್ಕದಲ್ಲಿರಲಿ ಅಂತ ಅಪ್ಪ ನಿಮ್ಮ ಮನೆ ಕೊಳ್ಳಬೇಕೆಂದಿದ್ದರು. ನಿಮ್ಮನ್ನು ಕೇಳಲೇ ಇಲ್ಲವೇ?"

ಇಲ್ಲ ಎಂದೆ.

ವಾಪಸು ಬರುವಾಗ ಟ್ರಾಮಿನಲ್ಲಿ ಹೆಂಡತಿ ಮೆಲ್ಲಗೆ ಹೇಳಿದಳು, "ಕೇಳಿದ್ರು ಕಣೋ."

"ಯಾವಾಗ?"

"ನೆಲ ಹಾಕಿ ಮುಗಿಸಿದ ದಿನ. 'ನನ್ನ ಮಗಳಿಗೆ ಕೊಡ್ತೀರೇನ್ರಿ' ಅಂದ್ರು. ನೀನು, 'ಆ ಗಂಡ ಹೆಂಡ್ತಿ ಏನಂತಾರೋ ನೋಡೋಣ ಡಾಕ್ಟ್ರೇ, ಅವರು ಬೇಡ ಅಂದ್ರೆ ನಿಮಗೇ' ಅಂದೆ."

ನನಗೆ ಆ ಮಾತು ನೆನಪಿಲ್ಲ. ಅವರು ಕುರ್ಚಿ ಮಡಚಿಕೊಂಡು ಹೋದದ್ದು ನೆನಪಿದೆ, ಬೆನ್ನು ನೆನಪಿದೆ. ಮೊದಲ ಸಲ ಆ ದಂಪತಿಯ ಮುಂದೆ ನೆಲ ಅದುಮಿ ತೋರಿಸಿದ್ದು ಮಗಳಿಗಾಗಿಯೇ ಇರಬಹುದು. ಆ ಅನುಮಾನವನ್ನು ನಾನು ಬಿಟ್ಟಿಲ್ಲ. ಆದರೆ ಆಮೇಲೆ ಆ ದಂಪತಿ ಬಾರದೇ ಇರಲು ಡಾಕ್ಟರು ಸುಮ್ಮನಿದ್ದರೆ ಸಾಕಿತ್ತು. ಈ ಬೇಸಿಗೆಯಲ್ಲಿ ನನ್ನ ಹೆಂಡತಿಯ ಓದು ಮುಗಿಯಿತು. ಇಡೀ ಕತೆಯಲ್ಲಿ ನಾವಿಬ್ಬರೂ ಒಪ್ಪುವ ಸಂಗತಿ ಒಂದೇ: ಫೋನು ಮಾಡಿದವರು ಡಾಕ್ಟರು.