ತಂಬಾಕಿನ ಹೊಲದ ಪರದೆ

ಆ ಮಧ್ಯಾಹ್ನ ನಿಪ್ಪಾಣಿಯ ಫೋಟೋ ಸ್ಟುಡಿಯೋದೊಳಗೆ ಕ್ಯಾಮೆರಾದ ಹಿಂದೆ ಮಾಲಕರಿದ್ದರು. ಮುಂದೆ ಭೋಜ ಹಳ್ಳಿಯಿಂದ ಬಸ್ಸಿಗೆ ಬಂದ ಹೊಸ ಗಂಡ ಹೆಂಡತಿ, ಪಕ್ಕದಲ್ಲಿ ಮದುಮಗನ ಅವ್ವ. ಮೂಲೆಯಲ್ಲಿ ಕೈಗಂಟಿದ ಬಣ್ಣ ಒರೆಸಿಕೊಳ್ಳುತ್ತ ನಾನು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು.

ಫೋಟೋಕ್ಕೆ ನಿಂತವರ ಬೆನ್ನ ಹಿಂದಿರುವ ಪರದೆ ಬರೆಯುವುದು ನನ್ನ ಹೊಟ್ಟೆಪಾಡು. ಚಿಕ್ಕೋಡಿ, ಅಥಣಿ, ರಾಯಬಾಗ, ಎಲ್ಲಿ ಹೋದರೂ ಹಿಮದ ಗುಡ್ಡ, ತಾಜಮಹಲು, ವಿಮಾನ ಇವೇ ನಡೆಯುತ್ತಿದ್ದವು. ಹಿಮವನ್ನು ನಾನು ಕಂಡವನೇ ಅಲ್ಲ. ಕ್ಯಾಲೆಂಡರು ನೋಡಿ ಬರೆಯುತ್ತಿದ್ದೆ. ಒಮ್ಮೆಯಾದರೂ ಕಣ್ಣಾರೆ ಕಂಡದ್ದನ್ನು ಬರೆಯಲು ಬಿಡಿ ಎಂದು ಮಾಲಕರಿಗೆ ಗಂಟುಬಿದ್ದು ತಂಬಾಕಿನ ಹೊಲ ಬರೆದೆ. ಇಳಿಬಿಸಿಲು, ಎಲೆಯ ಮೇಲಿನ ಅಂಟಿನ ಹೊಳಪು, ಬದುವಿನಲ್ಲೊಂದು ಜಾಲಿ ಗಿಡ. ಮಾಲಕರು ಬಹಳ ಹೊತ್ತು ನೋಡಿದರು.

"ಚಲೋ ಆಗೇತಿ. ಈ ಲಗ್ನದ ಸೀಜನ್ ನೋಡೂಣು. ಗಿರಾಕಿ ಒಪ್ಪಿದ್ರ ಇರತೈತಿ, ಇಲ್ಲಂದ್ರ ಅಳಸೂದು."

ಭೋಜದವರೇ ಅದರ ಮೊದಲ ಗಿರಾಕಿ. ಅವ್ವ ಹತ್ತಿರ ಹೋಗಿ ಬೆರಳಿನಿಂದ ಎಲೆ ಮುಟ್ಟಿ ನೋಡಿದಳು.

"ಯಪ್ಪಾ, ಖರೇನ ನಮ್ಮ ಹೊಲಾನ ಐತಲ್ಲೋ! ಯಾರ ತಗದಾರ ಇದನ್ನ?"

"ನಾನರೀ, ಅವ್ವಾರ," ಎಂದೆ. ಎದೆ ಉಬ್ಬಿತ್ತು.

"ಕೈ ಚಲೋ ಐತಿ ತಮ್ಮಾ ನಿಂದು. ಆದ್ರ ಹುಟ್ಟಿದಾಗಿಂದ ಇದರಾಗ ಬಗ್ಗಿ ಬಗ್ಗಿ ನಡಾ ಹೋಗೇತಿ ನಂದು. ಸೊಸಿಗೆ ಹೊಸಾ ಸೀರಿ ಉಡಿಸಿ, ಬಸ್ಸಿನಾಗ ಕರಕೊಂಡ ಬಂದು, ಇಲ್ಲೂ ಹೊಲದಾಗ ನಿಂದರಸಲೇನ? ಬೀಗರು ನೋಡಿ ಏನಂದಾರು?"

"ಫೋಟೋ ಮುಗದ ಮ್ಯಾಲ ಸೊಪ್ಪ ಮುರದ ಹೋಗ್ರಿ ಅಂತಾರ ತಗೋ ಬೇ," ಎಂದ ಮಗ.

ಸೊಸೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಮಾಲಕರೂ ನಕ್ಕರು, ನಾನೂ ನಕ್ಕೆ. ಅವ್ವನ ಮಾತಿನಲ್ಲಿ ತಪ್ಪೇನೂ ನನಗೆ ಸಿಗಲಿಲ್ಲ. ಮೇಲೆ ಸುತ್ತಿಟ್ಟಿದ್ದ ಹಿಮದ ಗುಡ್ಡದ ಹರಕು ಪರದೆಯನ್ನೇ ಇಳಿಸಿ ಫೋಟೋ ತೆಗೆದದ್ದಾಯಿತು.

ಸೀಜನ್ ಮುಗಿಯಿತು. ನನ್ನ ಹೊಲದ ಮುಂದೆ ಒಬ್ಬರೂ ನಿಲ್ಲಲಿಲ್ಲ. ಅದೇ ಬಟ್ಟೆಯ ಮೇಲೆ ಬಿಳಿ ಬಣ್ಣ ಬಳಿದು ಹಿಮ ಬರೆದೆ. ಜಾಲಿ ಗಿಡವೊಂದನ್ನು ಮಾತ್ರ ಅಳಿಸಲು ಮನಸ್ಸಾಗದೆ ಗುಡ್ಡದ ಓರೆಯಲ್ಲಿ ಹಾಗೇ ಬಿಟ್ಟೆ. ನಮ್ಮದೂ ಒಂದಿಷ್ಟು ಉಳಿಯಲಿ, ಗಿರಾಕಿಗೂ ಸಾಗಲಿ ಎಂಬ ಲೆಕ್ಕ. ವಾರ ಕಳೆಯುವುದರೊಳಗೆ ಪಕ್ಕದಂಗಡಿಯ ಟೇಲರ್ ಬಂದು ಎಲ್ಲರಿಗೂ ಕೇಳುವಂತೆ ಕೂಗಿದ:

"ಪೇಂಟರಾ, ಕಾಶ್ಮೀರದಾಗ ಜಾಲಿ ಎಲ್ಲಿಂದ ಬಂತಲೇ? ಆಡ ಮೇಯಸಾಕೇನ?"

ಮರುದಿನ ಅದನ್ನೂ ಅಳಿಸಿದೆ. ಆಮೇಲೆ ನನ್ನದೊಂದು ಬರೆಯಲು ಬಿಡಿ ಎಂದು ಯಾರನ್ನೂ ಕೇಳಲು ಹೋಗಲಿಲ್ಲ. ಕೇಳಿದವರಿಗೆ ಕೇಳಿದ ಗುಡ್ಡ ಬರೆದುಕೊಟ್ಟೆ.

ಕೆಲ ವರ್ಷಗಳಾದ ಮೇಲೆ ಮಾಲಕರು ಹೇಳಿಕಳಿಸಿದರು. ಬಣ್ಣ, ಬ್ರಷ್ ಹಿಡಿದುಕೊಂಡು ಹೋದೆ. ಕೊಲ್ಲಾಪುರದಿಂದ ಅಚ್ಚು ಹಾಕಿದ ಪರದೆ ತರಿಸಿದ್ದರು. ಗುಡ್ಡ, ಕೆರೆ, ಹಂಸ ಎಲ್ಲ ಅದರಲ್ಲೇ ಇತ್ತು. ಒಂದು ತುದಿಯನ್ನು ಅವರು ಎತ್ತಿ ಹಿಡಿದರು. ಇನ್ನೊಂದು ತುದಿಗೆ ನಾನು ಮೊಳೆ ಹೊಡೆದೆ.